ನಲವತ್ತು ದಾಟಿದ ಮೇಲೆ ಶಟಲ್

ವಾಕಿಂಗ್ ಶುರು ಮಾಡಿ ಬಿಟ್ಟವರಲ್ಲಿ ನಾನೂ ಒಬ್ಬ. ಮಳೆ ಬಂದರೆ ಒಂದು ನೆಪ, ಚಳಿಯಾದರೆ ಇನ್ನೊಂದು. ಶಟಲ್‌ನಲ್ಲಿ, ಅಂದರೆ ಬ್ಯಾಡ್ಮಿಂಟನ್‌ನಲ್ಲಿ, ಆ ಆಟ ನಡೆಯಲಿಲ್ಲ. ಡಬಲ್ಸ್‌ಗೆ ನಾಲ್ಕು ಜನ ಬೇಕೇ ಬೇಕು. ನಾನು ಹೋಗದಿದ್ದರೆ ಉಳಿದ ಮೂವರ ಬೆಳಗೂ ಹಾಳು. ಆರು ದಾಟಿದರೆ ಫೋನ್ ಬರುತ್ತದೆ, ಜೊತೆಗೆ ಬೈಗುಳ. ಆರೋಗ್ಯದ ಕಾಳಜಿಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ಮೂವರ ಭಯವೇ.

ಕೋಪನ್‌ಹೇಗನ್‌ನಲ್ಲಿ ಸಾವಿರಾರು ಜನರನ್ನು 25 ವರ್ಷಗಳವರೆಗೆ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕೂತೇ ಇರುವವರಿಗಿಂತ ಜಾಗಿಂಗ್ ಮಾಡುವವರ ಆಯಸ್ಸು 3.2 ವರ್ಷ, ಬ್ಯಾಡ್ಮಿಂಟನ್ ಆಡುವವರದ್ದು 6.2 ವರ್ಷ ಜಾಸ್ತಿ ಅಂತ ಅದರ ಲೆಕ್ಕ. ಆಟವೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಆಡುವವರು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದು, ಅಲ್ವಾ? ಆದರೆ ಜೊತೆಗಾರರ ಒಡನಾಟಕ್ಕೂ ಇದರಲ್ಲಿ ಪಾಲಿರಬಹುದು ಎಂದು ಸಂಶೋಧಕರು ಹೇಳಿದ್ದಾರೆ. ನಾನಂತೂ ಒಪ್ಪುತ್ತೇನೆ.

ಶಟಲ್ ಕಾಕ್‌ನ ತೂಕ ಐದು ಗ್ರಾಂ ಆಸುಪಾಸು. ಆಟವೂ ಹಗುರ ಅಂದುಕೊಳ್ಳಬೇಡಿ. ನೆಟ್ ಪಕ್ಕ ಮೆಲ್ಲಗೆ ಬೀಳುವ ಡ್ರಾಪ್ ಶಾಟ್ ಎತ್ತಲು ಮುಂದಕ್ಕೆ ನುಗ್ಗಬೇಕು, ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ, ಮರುಕ್ಷಣ ಹಿಂದಕ್ಕೆ ಓಡಬೇಕು. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯುವುದು ಇಂಥ ಹೊತ್ತಲ್ಲೇ. ಅದಕ್ಕೇ ಕೋರ್ಟಿನ ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಲ್ಲುತ್ತೇನೆ. ಹಿಮ್ಮಡಿ ಎತ್ತಿ, ಮೆಟ್ಟಿಲಿಗಿಂತ ಕೆಳಗೆ ನಿಧಾನ ಇಳಿಸುತ್ತೇನೆ. ಮೀನಖಂಡ ಬಿಸಿಯಾಗುವವರೆಗೆ ಇಷ್ಟೇ. ಆಮೇಲೆ ಅರ್ಧ ಕೋರ್ಟಿನಲ್ಲಿ ಸುಮ್ನೆ ತಟ್ಟಾಟ. ಮೈಯಲ್ಲಿ ಬೆವರು ಕಾಣುವವರೆಗೂ ಯಾರೂ ಸ್ಮ್ಯಾಶ್ ಹೊಡೆಯುವಂತಿಲ್ಲ.

ರಾಕೆಟ್‌ಗೆ ದುಡ್ಡು ಸುರಿಯುವ ಬದಲು ರಬ್ಬರ್ ಅಡಿಯ (ಗಮ್ ಸೋಲ್), ಕೋರ್ಟಿನ ಮೇಲೆ ಗುರುತು ಬೀಳಿಸದ ನಾನ್ ಮಾರ್ಕಿಂಗ್ ಶೂ ತಗೊಳ್ಳಿ. ರನ್ನಿಂಗ್ ಶೂ ಅಡಿ ದಪ್ಪ, ಪಕ್ಕಕ್ಕೆ ಜಿಗಿದಾಗ ಕಾಲು ಉಳುಕುತ್ತದೆ. ಬಿಪಿ, ಸಕ್ಕರೆ ಇರುವವರು ಮೊದಲು ಡಾಕ್ಟರನ್ನು ಕೇಳಿಯೇ ಇಳಿಯಬೇಕು. ಆಡುವಾಗ ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗೇಮ್ ಪಾಯಿಂಟ್ ಇದ್ದರೂ ಸರಿ.

ಗಡಿಯಲ್ಲಿದ್ದ ನನ್ನ ಸಕ್ಕರೆ ಈಗ ಗೆರೆಯ ಒಳಗಿದೆ. ರಾತ್ರಿ ಹತ್ತಕ್ಕೆಲ್ಲ ನಿದ್ದೆ. ತೂಕ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು: ಆಟ ಮುಗಿದ ಕೂಡಲೇ ಮಸಾಲೆ ದೋಸೆ. ಈಗ ದೋಸೆ ಭಾನುವಾರ ಮಾತ್ರ, ಬಿಲ್ಲು ಸೋತವರದ್ದು.