ಹಳೆಯ ಜಾವಾಕ್ಕೆ ಸರಿಯಾದ ಎಣ್ಣೆ ಆರಿಸಿದ್ದು: ನನ್ನ ಅನುಭವ

ಹಳೆಯ ಜಾವಾ ಅಥವಾ ಯೆಜ್ಡಿ ಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಯಾವ ಎಂಜಿನ್ ಆಯಿಲ್ ಹಾಕಬೇಕು?" ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ, ಏಕೆಂದರೆ ಈ ಗಾಡಿಗೆ ಎರಡು ಎಣ್ಣೆಗಳು ಬೇಕು. ಒಂದು ಪೆಟ್ರೋಲಿನೊಂದಿಗೆ ಬೆರೆತು ಒಳಗೆ ಹೋಗಿ, ಕ್ರ್ಯಾಂಕಿನ ಬೇರಿಂಗ್‌ಗಳನ್ನೂ ಪಿಸ್ಟನ್ನನ್ನೂ ತೋಯಿಸಿ, ಕೊನೆಗೆ ಉರಿದು ಹೋಗುತ್ತದೆ. ಇನ್ನೊಂದು ಗೇರ್‌ಬಾಕ್ಸಿನಲ್ಲೇ ಉಳಿದು ಗೇರು, ಪ್ರೈಮರಿ ಚೈನು ಮತ್ತು ಕ್ಲಚ್ಚು ಮೂರನ್ನೂ ನೋಡಿಕೊಳ್ಳುತ್ತದೆ. ಒಂದರ ಗುಣ ಇನ್ನೊಂದರಲ್ಲಿದ್ದರೆ ಕೆಡುಕೇ ಹೆಚ್ಚು.

ನನ್ನದು 250 ಸಿಸಿಯ 353 ಮಾದರಿ, ನಮ್ಮಲ್ಲಿ 'ಎ ಟೈಪ್' ಎನ್ನುವ ಗಾಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದದ್ದು. 1961ರಲ್ಲಿ ಗಾಡಿ ತಯಾರಿಸತೊಡಗಿದ ಆ ಕಾರ್ಖಾನೆ 1973ರಿಂದ ಯೆಜ್ಡಿ ಎಂಬ ಹೆಸರು ಬಳಸಿತು, 1996ರಲ್ಲಿ ಮುಚ್ಚಿತು. ಈಗ ಅಂಗಡಿಯಲ್ಲಿ ಬರಿದೇ 'ಜಾವಾ' ಎಂದರೆ 2018ರಲ್ಲಿ ಬಂದ ಹೊಸ ಜಾವಾದ ಎಣ್ಣೆಯನ್ನು ತಂದು ಮುಂದಿಡುತ್ತಾರೆ. ಅದು ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್. ನಮ್ಮದು ಗಾಳಿಯಿಂದ ತಂಪಾಗುವ ಟೂ ಸ್ಟ್ರೋಕ್. ಹೆಸರು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಹಾಗಾಗಿ ನಾನು ಡಬ್ಬಿಯ ಲೇಬಲ್ಲಿನಿಂದ ಆರಂಭಿಸದೆ ಎಂಜಿನ್ನಿನ ಒಳಗಿನಿಂದ ಆರಂಭಿಸಿದೆ. ಎಂಜಿನ್ ಬಿಚ್ಚಿದಾಗ ಪ್ರತಿಯೊಂದು ಭಾಗವನ್ನೂ ಎದುರಿಗಿಟ್ಟುಕೊಂಡು, ಇದನ್ನು ಯಾವ ಎಣ್ಣೆ ಮುಟ್ಟುತ್ತದೆ, ಇದು ಯಾವ ಲೋಹ ಎಂದು ಬರೆದುಕೊಂಡೆ. ಕನೆಕ್ಟಿಂಗ್ ರಾಡಿನ ಕೆಳತುದಿಯಲ್ಲಿ ರೋಲರ್ ಬೇರಿಂಗ್, ಮೇಲ್ತುದಿಯಲ್ಲಿ ಪಿಸ್ಟನ್ ಪಿನ್ ಆಡುವ ಕಂಚಿನ ಬುಷ್. ಗೇರ್‌ಬಾಕ್ಸಿನಲ್ಲೂ ಕಂಚಿನ ಬುಷ್‌ಗಳು. ಕ್ಲಚ್ಚಿನಲ್ಲಿ ಕಾರ್ಕ್. ಈ ಪಟ್ಟಿಯೇ ಮುಂದಿನ ಎಲ್ಲ ನಿರ್ಧಾರಗಳಿಗೂ ಆಧಾರವಾಯಿತು.

ಮೊದಲು ಪೆಟ್ರೋಲಿಗೆ ಬೆರೆಸುವ ಎಣ್ಣೆ. ಹಳೆಯ ಸವಾರರು ಇಂದಿಗೂ 1:25 ಎನ್ನುತ್ತಾರೆ, ಅಂದರೆ ಲೀಟರಿಗೆ 40 ಮಿ.ಲೀ. ಈ ಅಳತೆ ಹುಟ್ಟಿದ ಕಾಲದಲ್ಲಿ ಇಂದಿನಂಥ ಟೂಟಿ (2T, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿಗೆಂದೇ ಮಾಡಿದ) ಎಣ್ಣೆಗಳಿರಲಿಲ್ಲ. ಸಾಮಾನ್ಯ ಎಂಜಿನ್ ಆಯಿಲನ್ನೇ ಬೆರೆಸುತ್ತಿದ್ದವರು ಬಹಳ. ಅಂಥ ಎಣ್ಣೆಗೆ ಆ ಪ್ರಮಾಣ ಬೇಕೇ ಬೇಕಿತ್ತು. ಇಂದಿನ ಟೂಟಿ ಎಣ್ಣೆಯನ್ನು ಅದೇ ಪ್ರಮಾಣದಲ್ಲಿ ಹಾಕಿದರೆ ಸೈಲೆನ್ಸರಿನಿಂದ ಕಪ್ಪು ಜಿಡ್ಡು ಸೋರುತ್ತದೆ, ಎಕ್ಸಾಸ್ಟ್ ಪೋರ್ಟಿನಲ್ಲಿ ಇಂಗಾಲ ಗಟ್ಟಿ ಕಟ್ಟುತ್ತದೆ. ಈ ಎಂಜಿನ್ನಿಗೆ ಒಂದೇ ಸಿಲಿಂಡರ್ ಆದರೂ ಎಕ್ಸಾಸ್ಟ್ ಪೋರ್ಟು ಎರಡು, ಸೈಲೆನ್ಸರೂ ಎರಡು. ಹಾಗಾಗಿ ಕೆರೆಯುವ ಕೆಲಸವೂ ಇಮ್ಮಡಿ.

ಎಣ್ಣೆ ಹೆಚ್ಚಿದ್ದಷ್ಟೂ ಎಂಜಿನ್ ಕ್ಷೇಮ ಎಂಬ ನಂಬಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾರ್ಬುರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದಲ್ಲಿ, ಹಾಯುವ ದ್ರವದ ಅಳತೆ ಸರಿಸುಮಾರು ಅಷ್ಟೇ ಇರುತ್ತದೆ. ಅದರಲ್ಲಿ ಎಣ್ಣೆಯ ಪಾಲು ಹೆಚ್ಚಿದರೆ ಪೆಟ್ರೋಲಿನ ಪಾಲು ತಗ್ಗುತ್ತದೆ, ಮಿಶ್ರಣ ಬಡವಾಗುತ್ತದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ), ಎಂಜಿನ್ ತುಸು ಹೆಚ್ಚು ಕಾಯುತ್ತದೆ. ಈ ವ್ಯತ್ಯಾಸ ಸಣ್ಣದು, ನಿಜ. ಆದರೆ ಜೆಟ್ ಮೊದಲೇ ಚಿಕ್ಕದಿದ್ದರೆ ಏರುದಾರಿಯಲ್ಲಿ ಪಿಸ್ಟನ್ ಹಿಡಿಯಲು ಅಷ್ಟೇ ಸಾಕು. ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಂತೂ ತನ್ನೊಳಗೇ ಆಮ್ಲಜನಕ ಹೊತ್ತು ಬರುತ್ತದೆ, ಅದೇ ಜೆಟ್ಟಿನಲ್ಲಿ ಇನ್ನಷ್ಟು ಬಡವಾಗಿ ಉರಿಯುತ್ತದೆ. ಅದಕ್ಕಾಗಿ ನಾನು ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಸಿ, ಆಮೇಲೆ ಎಣ್ಣೆಯ ಪ್ರಮಾಣಕ್ಕೆ ಕೈಹಾಕಿದೆ. ಈ ಎರಡು ಕೆಲಸಗಳ ಅನುಕ್ರಮ ತಿರುಗಿಸಬಾರದು.

ನಾನು ಈಗ ನಿಂತಿರುವುದು 1:30ರಲ್ಲಿ, ಲೀಟರಿಗೆ ಸುಮಾರು 33 ಮಿ.ಲೀ. 1:40 ಅಥವಾ 1:50 ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ಅಷ್ಟಕ್ಕೆ ಇಳಿಸುವವರಿದ್ದಾರೆ. ರಾಡಿನ ಮೇಲ್ತುದಿಯಲ್ಲಿ ಸೂಜಿ ಬೇರಿಂಗ್ ಇರುವ ಎಂಜಿನ್ನುಗಳಿಗೆ ಅದು ನಡೆಯಬಹುದು. ಕಂಚಿನ ಬುಷ್‌ಗೆ ಎಣ್ಣೆಯ ಪದರವೇ ಆಧಾರ, ಅಲ್ಲಿ ಜಿಪುಣತನ ಸಲ್ಲದು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದಾಗ ಮೊದಲ 500 ಕಿ.ಮೀ. ನಾನೂ 1:25ರಲ್ಲೇ ಓಡಿಸುತ್ತೇನೆ.

ಎಣ್ಣೆಯ ದರ್ಜೆಗೆ ಬಂದರೆ, ಜಪಾನಿನ ವಾಹನ ಮಾನಕ ಸಂಸ್ಥೆಯಾದ ಜಾಸೊದ ಗುರುತು ನೋಡುವುದು ನನ್ನ ಪದ್ಧತಿ. ಎಫ್‌ಬಿ ಹಳೆಯ ದರ್ಜೆ, ಎಫ್‌ಸಿಯಲ್ಲಿ ಹೊಗೆ ಕಡಿಮೆ, ಎಫ್‌ಡಿಯಲ್ಲಿ ಅದರ ಜೊತೆಗೆ ಹೆಚ್ಚು ಬಿಸಿಯಲ್ಲೂ ಪಿಸ್ಟನ್ ರಿಂಗುಗಳನ್ನು ಚೊಕ್ಕವಾಗಿಡುವ ಗುಣವಿದೆ. ನಾನು ಎಫ್‌ಸಿ ಗುರುತಿನ ಸೆಮಿ ಸಿಂಥೆಟಿಕ್ ಬಳಸುತ್ತೇನೆ. ಗಂಟೆಗೆ 50–60 ಕಿ.ಮೀ. ವೇಗದಲ್ಲಿ ಓಡುವ ಗಾಡಿಗೆ ಅದು ಧಾರಾಳ. ರೇಸಿಗೆಂದೇ ಮಾಡಿದ ದುಬಾರಿ ಎಣ್ಣೆ ಪೂರ್ತಿ ಥ್ರಾಟಲ್ಲಿನ ಬಿಸಿಗಾಗಿ ರೂಪಿಸಿದ್ದು, ನಿಧಾನ ಸವಾರಿಯಲ್ಲಿ ಸರಿಯಾಗಿ ಉರಿಯದೆ ಪ್ಲಗ್ಗಿನ ಮೇಲೆ ಕೂರುತ್ತದೆ. ದೋಣಿ ಎಂಜಿನ್ನಿನ ಟಿಸಿ-ಡಬ್ಲ್ಯು3 ಎಣ್ಣೆ ಅಗ್ಗಕ್ಕೆ ಸಿಕ್ಕರೂ ಬೇಡ, ನೀರಿನಿಂದ ತಂಪಾಗುವ ಎಂಜಿನ್ನಿಗೆ ಮಾಡಿದ್ದು ಅದು. ಫೋರ್ ಸ್ಟ್ರೋಕ್ ಎಣ್ಣೆಯನ್ನಂತೂ ಪೆಟ್ರೋಲಿಗೆ ಸೇರಿಸಲೇಬೇಡಿ. ಅದರಲ್ಲಿರುವ ಲೋಹಯುಕ್ತ ಡಿಟರ್ಜೆಂಟುಗಳು ಉರಿದು ಬೂದಿಯಾಗಿ ಪ್ಲಗ್ಗಿನ ತುದಿಯಲ್ಲಿ ಸೇತುವೆ ಕಟ್ಟುತ್ತವೆ. ಹರಳೆಣ್ಣೆ ಬೆರೆಸಿ ಎನ್ನುವ ಹಿರಿಯರೂ ಸಿಗುತ್ತಾರೆ. ಅದರ ಪದರ ಬಲು ಗಟ್ಟಿ, ಹಿಂದೆ ರೇಸಿನವರು ಬಳಸುತ್ತಿದ್ದುದೂ ನಿಜ. ಆದರೆ ಅವರು ಪ್ರತಿ ರೇಸಿನ ನಂತರ ಎಂಜಿನ್ ಬಿಚ್ಚಿ ತೊಳೆಯುತ್ತಿದ್ದರು. ದಿನಬಳಕೆಯ ಗಾಡಿಯಲ್ಲಿ ಹರಳೆಣ್ಣೆ ಅಂಟಾಗಿ ರಿಂಗುಗಳನ್ನು ಹಿಡಿದುಬಿಡುತ್ತದೆ.

ಬೆರೆಸುವ ಕ್ರಮವೂ ಮುಖ್ಯ. ಖಾಲಿ ಟ್ಯಾಂಕಿಗೆ ಮೊದಲು ಎಣ್ಣೆ ಸುರಿದರೆ ಅದು ನೇರ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕಿಗೆ (ನಲ್ಲಿಗೆ) ಇಳಿದು ಕೂರುತ್ತದೆ. ಅರ್ಧ ಪೆಟ್ರೋಲ್ ಹಾಕಿಸಿ, ಅಳೆದ ಎಣ್ಣೆ ಸುರಿದು, ಉಳಿದರ್ಧ ಹಾಕಿಸಿದರೆ ತಾನಾಗಿ ಬೆರೆಯುತ್ತದೆ. ಅಂದಾಜಿನ ಮುಚ್ಚಳ ನನಗೆ ಆಗದು, ಔಷಧಿ ಅಂಗಡಿಯಲ್ಲಿ ಸಿಗುವ ಮಿ.ಲೀ. ಗುರುತಿನ ಅಳತೆ ಲೋಟವನ್ನು ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ.

ಎಷ್ಟೇ ಒಳ್ಳೆಯ ಎಣ್ಣೆ ಹಾಕಿದರೂ ಓಡಿಸುವ ರೀತಿ ತಪ್ಪಿದರೆ ಅದು ಎಂಜಿನ್ನಿಗೆ ತಲುಪುವುದೇ ಇಲ್ಲ. ಇದನ್ನು ನನಗೆ ಮನದಟ್ಟು ಮಾಡಿಸಿದವರು ಮೈಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನ ಹಿಡಿತದಲ್ಲೇ ಗಾಡಿಯನ್ನು ಕೆಳಗಿಳಿಸುವವರನ್ನು ಕಂಡರೆ ಅವರಿಗೆ ಸಂಕಟ. "ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಿತು ಸ್ವಾಮಿ, ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ" ಎಂದರು. ಅಂದಿನಿಂದ ಇಳಿಜಾರಿನಲ್ಲಿ ಬ್ರೇಕನ್ನೇ ಹೆಚ್ಚು ಬಳಸುತ್ತೇನೆ, ನಡುನಡುವೆ ಕ್ಲಚ್ ಹಿಡಿದು ಒಮ್ಮೆ ಥ್ರಾಟಲ್ ತಿರುಗಿಸುತ್ತೇನೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಇದು ಎಣ್ಣೆಯ ಬ್ರ್ಯಾಂಡಿಗಿಂತ ದೊಡ್ಡ ವಿಷಯ.

ಇನ್ನು ಗೇರ್‌ಬಾಕ್ಸ್. ಹಿಡಿಯುವುದು ಸುಮಾರು ಒಂದು ಲೀಟರ್. ಇಲ್ಲಿ ನನಗೆ ಸಿಕ್ಕ ಸಲಹೆಗಳು ಒಂದಕ್ಕೊಂದು ವಿರುದ್ಧ. ಒಂದು ಅಂಗಡಿಯವರು ಕಾರಿನ ಹೊಸ ಸಿಂಥೆಟಿಕ್ ಎಣ್ಣೆಯೇ ಶ್ರೇಷ್ಠ ಎಂದು ಕೊಟ್ಟರು. ಹಾಕಿದ ಮೇಲೆ ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಇಂಧನ ಉಳಿಸಲೆಂದು ಅಂಥ ಎಣ್ಣೆಗೆ ಸೇರಿಸುವ ಜಾರಿಕೆಯ ರಾಸಾಯನಿಕಗಳು ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಪ್ಲೇಟುಗಳನ್ನೂ ಜಾರಿಸಿದ್ದವು. ಕಾರ್ಕು ಒಮ್ಮೆ ಹೀರಿಕೊಂಡದ್ದನ್ನು ಬೇಗ ಬಿಡುವುದಿಲ್ಲ, ಎಣ್ಣೆ ಬದಲಿಸಿದ ಮೇಲೂ ಕೆಲವು ದಿನ ಆ ಜಾರಿಕೆ ಉಳಿಯಿತು.

ಇನ್ನೊಂದು ಸಲಹೆ, 90 ನಂಬರಿನ ಗೇರ್ ಆಯಿಲ್. 90 ಎಂದರೆ 40 ನಂಬರಿನ ಎಂಜಿನ್ ಆಯಿಲಿಗಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಗೇರ್ ಆಯಿಲಿನ ಸಂಖ್ಯೆಗಳ ಮಾಪನವೇ ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಸ್‌ಎಇ 40 ಎಂಜಿನ್ ಆಯಿಲಿನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್, ಎಸ್‌ಎಇ 90 ಗೇರ್ ಆಯಿಲಿನದು 13.5ರಿಂದ 18.5. ಹೆಚ್ಚುಕಡಿಮೆ ಅಕ್ಕಪಕ್ಕದವು. ಹಾಗಾಗಿ ದಪ್ಪ ಇಲ್ಲಿ ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಅದರಲ್ಲಿ ಬೆರೆಸುವ ಗಂಧಕ ಮತ್ತು ರಂಜಕದ ಸಂಯುಕ್ತಗಳಲ್ಲಿ. ಭಾರೀ ಒತ್ತಡದ ಗೇರುಗಳಿಗಾಗಿ ಹಾಕುವ ಇವು, ಅದರಲ್ಲೂ ಜಿಎಲ್-5 ದರ್ಜೆಯಲ್ಲಿ, ಹಿತ್ತಾಳೆ ಕಂಚುಗಳನ್ನು ತಿನ್ನಬಲ್ಲವು. ಬುಷ್‌ಗಳೆಲ್ಲ ಕಂಚು ಎಂದು ಬರೆದುಕೊಂಡಿದ್ದ ನನಗೆ ಅಷ್ಟು ಸಾಕಾಯಿತು. ಜಾವಾದಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆಯಲ್ಲ, ಆ ಸೊಗಸಾದ ಏರ್ಪಾಟಿಗೂ ಪ್ಲೇಟುಗಳು ಒಂದಕ್ಕೊಂದು ಅಂಟದ ಎಣ್ಣೆ ಬೇಕು.

ಕೊನೆಗೆ ನನಗೆ ಒಗ್ಗಿದ್ದು ರೈತರ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳಿಗೆ ಹಾಕುವ ಎಸ್‌ಎಇ 40 ಸಿಂಗಲ್ ಗ್ರೇಡ್ ಮಿನರಲ್ ಎಣ್ಣೆ. ಬೆಲೆ ಕಡಿಮೆ, ಜಾರಿಕೆಯ ರಾಸಾಯನಿಕ ಸೇರಿಸದ ಡಬ್ಬಿ ಸುಲಭವಾಗಿ ಸಿಗುತ್ತದೆ. ಮಲ್ಟಿಗ್ರೇಡಿನಲ್ಲಿ, ಅಂದರೆ ಚಳಿಗೂ ಬಿಸಿಗೂ ಹೊಂದುವಂತೆ ಮಾಡಿದ ಎಣ್ಣೆಯಲ್ಲಿ, ಇರುವ ಪಾಲಿಮರುಗಳು ಗೇರಿನ ಹಲ್ಲುಗಳ ನಡುವೆ ಕತ್ತರಿಸಿಹೋಗಿ ಎಣ್ಣೆ ತೆಳುವಾಗುವ ಕಾಟವೂ ಇಲ್ಲಿಲ್ಲ. ನಮ್ಮ ಹವೆಯಲ್ಲಿ ಚಳಿಗೆಂದು ಮಲ್ಟಿಗ್ರೇಡ್ ಬೇಕಾಗುವುದೂ ಅಪರೂಪ. ಇದು ಸಿಗದ ಊರಿನಲ್ಲಿ ಜಾಸೊ ಎಂಎ ಗುರುತಿರುವ 20ಡಬ್ಲ್ಯು-40 ಬೈಕ್ ಎಣ್ಣೆ ಹಾಕುತ್ತೇನೆ. ಎಂಎ ಎಂದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಪರೀಕ್ಷಿಸಿದ್ದು ಎಂದರ್ಥ. ಎಂಬಿ ಗುರುತು ಸ್ಕೂಟರುಗಳಿಗೆ, ಅದನ್ನು ಮುಟ್ಟುವುದಿಲ್ಲ. ಗೇರ್‌ಬಾಕ್ಸಿಗೆ ಫಿಲ್ಟರ್ ಇಲ್ಲದ್ದರಿಂದ ಗಾಡಿ ಬಿಸಿಯಿರುವಾಗಲೇ ಎಣ್ಣೆ ಇಳಿಸಿ, ಟ್ರೇಯೊಳಗೆ ಅಯಸ್ಕಾಂತ ಆಡಿಸಿ ನೋಡುತ್ತೇನೆ. ಬೂದುಬಣ್ಣದ ನುಣುಪು ಪುಡಿ ಸಹಜ, ಬೆರಳಿಗೆ ತಾಗುವ ಚೂರು ಸಿಕ್ಕರೆ ಒಳಗೆ ನೋಡಬೇಕು. ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ತೊಳೆಯುವಾಗ ನೀರು ಹೋಗಿದೆ.

ಹೊಗೆ ನಿಲ್ಲುತ್ತಿಲ್ಲ ಎಂದು ಟೂಟಿ ಎಣ್ಣೆಯ ಬ್ರ್ಯಾಂಡ್ ಮೇಲೆ ಬ್ರ್ಯಾಂಡ್ ಬದಲಿಸುತ್ತಿರುವವರು ಮೊದಲು ಗೇರ್‌ಬಾಕ್ಸಿನ ಎಣ್ಣೆಯನ್ನು ಇಳಿಸಿ ಅಳೆಯಿರಿ. ಕೆಳಗೆ ಒಂದು ಹನಿಯೂ ಸೋರದೆ ಅದು ಕಡಿಮೆಯಾಗಿದ್ದರೆ, ಕ್ರ್ಯಾಂಕಿನ ಎಡಬದಿಯ ಆಯಿಲ್ ಸೀಲ್ ಹೋಗಿದೆ ಎಂದೇ ಲೆಕ್ಕ. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸಿನಲ್ಲಿ ಉಂಟಾಗುವ ಸೆಳೆತ ಗೇರ್‌ಬಾಕ್ಸಿನ ಎಣ್ಣೆಯನ್ನು ಒಳಗೆಳೆದು ಸುಡುತ್ತಿರುತ್ತದೆ. ಕ್ಲಚ್, ಚೈನ್, ಸ್ಪ್ರಾಕೆಟ್ ಬಿಚ್ಚಿ ಸೀಲ್ ಹಾಕಿಸುವುದೊಂದೇ ದಾರಿ. ಎಣ್ಣೆಯ ಪ್ರಮಾಣವನ್ನೂ ಜೆಟ್ಟನ್ನೂ ಹೊಂದಿಸುವ ಕೆಲಸ ಅದಾದ ಮೇಲಿನದು, ಸೀಲ್ ಹೋದ ಎಂಜಿನ್ನಿನಲ್ಲಿ ಪ್ಲಗ್ಗಿನ ಬಣ್ಣ ನೋಡಿ ಏನನ್ನೂ ನಿರ್ಧರಿಸಲಾಗದು.