ಹಿತ್ತಲಲ್ಲಿ ಅಪ್ಪನ ಜಾವಾ

ಅಪ್ಪನ ಜಾವಾ ನಮ್ಮೂರಿನ ಕೊಟ್ಟಿಗೆಯಲ್ಲಿ ಹದಿನಾಲ್ಕು ವರ್ಷ ನಿಂತಿತ್ತು. ಮೇಲೆ ಗೋಣಿಚೀಲ, ಅದರ ಮೇಲೆ ಮುರಿದ ಏಣಿ, ಅದರ ಮೇಲೆ ಕೋಳಿಗಳು. 1968ರ ಮೋಟಾರ್‌ಸೈಕಲ್ಲು. ಹುಣಸೂರಿನ ಕಡೆಯಿಂದ ತರಕಾರಿ ತರುವ ಟೆಂಪೋದಲ್ಲಿ ಅದನ್ನು ಹಾಕಿಸಿಕೊಂಡು ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಇಳಿಸಿಕೊಂಡೆ. ಒಂದು ರೀತಿಯಲ್ಲಿ ಅದು ತವರಿಗೇ ಬಂದಿತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ ಈ ಗಾಡಿಗಳು ತಯಾರಾಗುತ್ತಿದ್ದವು. 1973ರಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ನಮ್ಮ ಬಡಾವಣೆಯಲ್ಲಿ ಇವತ್ತಿಗೂ ಅಲ್ಲಿ ಕೆಲಸ ಮಾಡಿದ ಹಿರಿಯರಿದ್ದಾರೆ. ಗಾಡಿ ಇಳಿಸಿದ ದಿನ ಸಂಜೆಯೇ ಇಬ್ಬರು ನೋಡಲು ಬಂದರು.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. ಪೂರ್ತಿ ಬಿಚ್ಚಿ, ಸ್ಯಾಂಡ್ ಬ್ಲಾಸ್ಟ್ ಮಾಡಿಸಿ (ಮರಳು ಹೊಡೆಸಿ ಹಳೆಯ ಬಣ್ಣವನ್ನೆಲ್ಲ ಕಿತ್ತು), ಹೊಸ ಬಣ್ಣ ಹೊಡೆಸಿ, ಹೊಸ ಕ್ರೋಮ್ ಹಾಕಿಸಿ. ನನಗೆ ಅದು ಬೇಡವಾಗಿತ್ತು. ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ಗೆರೆ ಇದೆ. ಒಂದು ಕಡೆ ಅದು ಕೂದಲೆಳೆಯಷ್ಟು ದಪ್ಪಗಾಗಿ ಮತ್ತೆ ಸಣ್ಣಗಾಗುತ್ತದೆ. ಯಾರದ್ದೋ ಕೈ ಅಲ್ಲಿ ಒಂದು ಕ್ಷಣ ತಡೆದಿರಬೇಕು. ಅದನ್ನು ಉಜ್ಜಿ ತೆಗೆದರೆ ಮತ್ತೆ ತರುವುದು ಎಲ್ಲಿಂದ? ಕೊಳೆ ಹೋಗಬೇಕು, ತುಕ್ಕು ಹೋಗಬೇಕು, ವಯಸ್ಸು ಹಾಗೇ ಉಳಿಯಬೇಕು. ಅಷ್ಟು ತೀರ್ಮಾನ ಮಾಡಿಕೊಂಡು ಕೆಲಸ ಶುರು ಮಾಡಿದೆ.

ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ತೆಗೆದುಕೊಂಡೆ. ಬಿಚ್ಚಿದ ನಟ್ಟು, ಬೋಲ್ಟು, ವಾಷರ್‌ಗಳನ್ನು ಮೊಸರಿನ ಖಾಲಿ ಡಬ್ಬಗಳಲ್ಲಿ ಹಾಕಿ ಹೆಸರು ಬರೆದಿಟ್ಟೆ. ಇದು ಚಿಕ್ಕ ವಿಷಯ ಅನಿಸಬಹುದು. ಮೂರು ತಿಂಗಳಾದ ಮೇಲೆ ಯಾವ ಸ್ಕ್ರೂ ಎಲ್ಲಿಯದು ಅಂತ ಯಾರಿಗೂ ನೆನಪಿರುವುದಿಲ್ಲ.

ಇಂಜಿನ್ ಕವರಿನ ಸ್ಕ್ರೂಗಳು ಮೊದಲ ಪರೀಕ್ಷೆ. ಕವರ್ ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ವರ್ಷಗಟ್ಟಲೆ ತೇವ ಕುಡಿದು ಎರಡೂ ಕಚ್ಚಿಕೊಂಡಿರುತ್ತವೆ. ಸುಮ್ನೆ ಬಲ ಹಾಕಿದರೆ ಸ್ಕ್ರೂ ತಲೆಯ ಗೀರು ಸವೆದುಹೋಗುತ್ತದೆ. ಆಮೇಲೆ ಡ್ರಿಲ್ ಮಾಡುವುದೇ ಗತಿ. ನಾನು ಎರಡು ದಿನ ಡೀಸೆಲ್ ಹನಿಸಿದೆ. ಮೂರನೇ ದಿನ ಕುದಿಯುವ ನೀರನ್ನು ಕವರಿನ ಮೇಲೆ ನಿಧಾನವಾಗಿ ಸುರಿದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಗೀರಿಗೆ ಸರಿಯಾಗಿ ಕೂರುವ ಅಗಲದ ಇಂಪ್ಯಾಕ್ಟ್ ಡ್ರೈವರ್ (ಪೆಟ್ಟು ಬಿದ್ದಾಗ ತಾನೇ ತಿರುಗುವ ಸ್ಕ್ರೂಡ್ರೈವರ್) ಇಟ್ಟು ಸುತ್ತಿಗೆಯಿಂದ ಒಂದೊಂದೇ ಪೆಟ್ಟು ಕೊಟ್ಟೆ. ಒಂದು ಮಾತ್ರ ಮುರಿಯಿತು. ಉಳಿದವು ಬಂದವು.

ಹೊರಗಿನ ಜಿಡ್ಡಿಗೆ ಡೀಸೆಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕಾಯಿತು. ಆಮೇಲೆ ಪಾತ್ರೆ ತೊಳೆಯುವ ಸಾಬೂನು, ಬಿಸಿನೀರು. ಬ್ರೇಕ್ ಡ್ರಮ್ ಬಿಚ್ಚುವಾಗ ಮಾತ್ರ ತುಂಬಾ ಎಚ್ಚರ ಬೇಕು. ಆ ಕಾಲದ ಬ್ರೇಕ್ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಅಪಾಯ. ಒಳಗಿನ ಧೂಳನ್ನು ಬಾಯಿಂದ ಊದಬಾರದು, ಏರ್ ಹೊಡೆಯಬಾರದು. ನಾನು ಒಳ್ಳೆಯ ಮಾಸ್ಕ್ ಹಾಕಿಕೊಂಡು, ಸಾಬೂನು ನೀರು ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಕಿದೆ. ಗ್ಯಾರೇಜುಗಳಲ್ಲಿ ಹುಡುಗರು ಇದನ್ನು ಊದುತ್ತಾ ಕೂತಿರುವುದನ್ನು ನೋಡಿದ್ದೇನೆ. ದಯವಿಟ್ಟು ಹೇಳಿ ನಿಲ್ಲಿಸಿ.

ಟ್ಯಾಂಕಿಗೆ ಹಿಡಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಮುಚ್ಚಳ ತೆಗೆದರೆ ಹಳಸಿದ ಬಣ್ಣದ ವಾಸನೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಇಟ್ಟಿಗೆ ಪುಡಿಯಂಥ ತುಕ್ಕು. ಮೊದಲು ಹಳೆಯ ಸೈಕಲ್ ಚೈನನ್ನು ತಂತಿಗೆ ಕಟ್ಟಿ ಒಳಗೆ ಬಿಟ್ಟು, ಸ್ವಲ್ಪ ಸಾಬೂನು ನೀರು ಹಾಕಿ ಅಲ್ಲಾಡಿಸಿದೆ. ತಂತಿ ಕಟ್ಟುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಚೈನ್ ಹೊರಗೆ ಬರುವುದಿಲ್ಲ. ಸಾಬೂನು ಯಾಕೆ ಅಂದರೆ, ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿಯ ಟ್ಯಾಂಕಿನಲ್ಲಿ ಎಣ್ಣೆಯ ಪದರ ಇರುತ್ತದೆ. ಎಣ್ಣೆ ಇರುವ ಕಡೆ ಹುಳಿ ಕೆಲಸ ಮಾಡುವುದಿಲ್ಲ.

ಹುಳಿ ಅಂದರೆ ನಿಂಬೆ ಉಪ್ಪು. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಲೆಕ್ಕ. ಟ್ಯಾಂಕನ್ನು ಬಾಯಿವರೆಗೂ ತುಂಬಿಸಬೇಕು. ಅರ್ಧ ತುಂಬಿಸಿದರೆ ಮೇಲಿನ ಭಾಗದ ತುಕ್ಕು ಹಾಗೇ ಉಳಿಯುತ್ತದೆ. ತುಂಬಿಸುವ ಮೊದಲು ಬಾಯಿಯ ಸುತ್ತ ಹೊರಗಿನ ಬಣ್ಣದ ಮೇಲೆ ವ್ಯಾಸಲೀನ್ ಬಳಿದೆ. ಮುಚ್ಚಳ ಬಿಗಿ ಮಾಡಲಿಲ್ಲ, ಗ್ಯಾಸ್ ಹೊರಗೆ ಹೋಗಬೇಕಲ್ವಾ? ಒಂದು ಹಗಲು, ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಸುರಿದಾಗ ಕಡು ಹಳದಿ ಹಸಿರು ನೀರು ಬಂತು. ಒಳಗೆ ಬೂದು ಬಣ್ಣದ ಶುದ್ಧ ಉಕ್ಕು.

ಅಲ್ಲಿ ನನ್ನಿಂದ ಒಂದು ತಪ್ಪಾಯಿತು. ನೀರಿನಲ್ಲಿ ತೊಳೆದಿಟ್ಟು ಊಟಕ್ಕೆ ಹೋದೆ. ಇಪ್ಪತ್ತು ನಿಮಿಷದಲ್ಲಿ ಒಳಗೆಲ್ಲ ಕಿತ್ತಳೆ ಬಣ್ಣದ ಹೊಸ ತುಕ್ಕು. ಬೆತ್ತಲೆ ಉಕ್ಕಿಗೆ ನೀರು, ಗಾಳಿ ಸಿಕ್ಕರೆ ಅಷ್ಟೇ ಸಾಕು. ಎರಡನೇ ಸಲ ಎಲ್ಲವನ್ನೂ ಮೊದಲೇ ಪಕ್ಕದಲ್ಲಿ ಜೋಡಿಸಿಟ್ಟುಕೊಂಡೆ. ಹುಳಿ ಸುರಿದ ತಕ್ಷಣ ವಾಷಿಂಗ್ ಸೋಡಾ ಬೆರೆಸಿದ ನೀರು. ಅದಾದ ಕೂಡಲೇ ಒಂದು ಸಲ ಬಿಸಿನೀರು. ಅದರ ಹಿಂದೆಯೇ ಕೂದಲು ಒಣಗಿಸುವ ಡ್ರೈಯರ್. ಪೂರ್ತಿ ಒಣಗಿ ಆರಿದ ಮೇಲೆ ಅರ್ಧ ಲೀಟರ್ ಪೆಟ್ರೋಲಿಗೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಎಣ್ಣೆ) ಧಾರಾಳವಾಗಿ ಬೆರೆಸಿ ಒಳಗೆ ಹಾಕಿ, ಮಗುವನ್ನು ಹೊರಳಿಸಿದ ಹಾಗೆ ಟ್ಯಾಂಕನ್ನು ಎಲ್ಲಾ ಕಡೆಗೂ ಹೊರಳಿಸಿದೆ. ಆ ಎಣ್ಣೆಯ ಪದರವೇ ಈಗ ಅದರ ರಕ್ಷಣೆ. ಒಳಗೆ ಬಳಿಯುವ ಸೀಲರ್ ಹಾಕಲಿಲ್ಲ. ತೂತಿಲ್ಲದ ಟ್ಯಾಂಕಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಇವತ್ತಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇರುತ್ತದೆ. ಅದು ಕೆಲವು ಸೀಲರ್‌ಗಳನ್ನು ಕೀಳುತ್ತದೆ. ಕಿತ್ತ ಚೂರುಗಳು ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬ್ಯುರೇಟರಿಗೆ ನೇರ ಬರುತ್ತವೆ. ಎಥೆನಾಲ್ ತೇವವನ್ನೂ ಹೀರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಎಣ್ಣೆ ಸವರಿ ಇಡುತ್ತೇನೆ.

ಟ್ಯಾಂಕು ಚೆನ್ನಾಗಿ ಬಂತಲ್ಲ ಎಂಬ ಧೈರ್ಯದಲ್ಲಿ ಜಿಕೋವ್ ಹೆಸರಿನ ಕಾರ್ಬ್ಯುರೇಟರಿನ ಫ್ಲೋಟ್ ಮುಚ್ಚಳವನ್ನೂ ಅದೇ ಹುಳಿಯಲ್ಲಿ ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಅದು ಕಪ್ಪಾಗಿ, ಮೈಯೆಲ್ಲ ಉಪ್ಪುಕಾಗದದ ಹಾಗೆ ಒರಟಾಗಿತ್ತು. ಅದು ಸತುವಿನ ಮಿಶ್ರಲೋಹ. ಸತುವನ್ನು ಹುಳಿ ತಿನ್ನುತ್ತದೆ. ಐವತ್ತು ವರ್ಷ ಬಾಳಿದ ಭಾಗವನ್ನು ಒಂದೇ ರಾತ್ರಿಯಲ್ಲಿ ಹಾಳು ಮಾಡಿದೆನಲ್ಲ ಅಂತ ಬಹಳ ಸಂಕಟವಾಯಿತು. ಹಳೆಯ ಭಾಗ ಮಾರುವವರ ಹತ್ತಿರ ಇನ್ನೊಂದು ಸಿಕ್ಕಿತು, ಆದರೆ ಅದು ಈ ಗಾಡಿಯದಲ್ಲ. ಅದಾದ ಮೇಲೆ ಯಾವ ಭಾಗ ಕೈಗೆ ಬಂದರೂ ಇದು ಯಾವ ಲೋಹ ಅಂತ ಮೊದಲು ಕೇಳಿಕೊಳ್ಳುತ್ತೇನೆ. ಅಯಸ್ಕಾಂತ ಹಿಡಿದರೆ ಉಕ್ಕು, ಬೀಡುಕಬ್ಬಿಣ. ಹಿಡಿಯದಿದ್ದರೆ ಅಲ್ಯೂಮಿನಿಯಂ, ಸತು, ಹಿತ್ತಾಳೆ. ಅವಕ್ಕೆ ಪೆಟ್ರೋಲು, ಬ್ರಷ್ಷು, ತಾಳ್ಮೆ ಮಾತ್ರ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್‌ಗಳ ತೂತಿಗೆ ಪಿನ್ನು, ಸೂಜಿ ಹಾಕಬೇಡಿ. ತೂತು ಕೂದಲಿನಷ್ಟು ದೊಡ್ಡದಾದರೂ ಪೆಟ್ರೋಲಿನ ಅಳತೆ ಕೆಡುತ್ತದೆ. ಕರೆಂಟ್ ವೈರಿನೊಳಗಿನ ತಾಮ್ರದ ಒಂದೇ ಎಳೆ ತೆಗೆದು ಅದರಿಂದ ಬಿಡಿಸಿದೆ. ತಾಮ್ರ ಹಿತ್ತಾಳೆಗಿಂತ ಮೆದು.

ಸೈಲೆನ್ಸರ್ ಕೊಳಕು ಕೆಲಸ. ಜಾವಾಕ್ಕೆ ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಪೆಟ್ರೋಲಿನ ಜೊತೆ ಉರಿದ ಎಣ್ಣೆಯೆಲ್ಲ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಭಾಗ) ಮೇಲೆ ಡಾಂಬರಿನ ಹಾಗೆ ಕೂತಿರುತ್ತದೆ. ಬ್ಯಾಫಲ್ ಎಳೆದು ತೆಗೆದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಾಸ್ಟಿಕ್ ಸೋಡಾ ಕಲಸಿ ಎರಡು ದಿನ ನೆನೆಸಿದೆ. ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಉದ್ದನೆಯ ಗ್ಲೌಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಮಕ್ಕಳು, ನಾಯಿ ಇರುವ ಮನೆಯಾದರೆ ಹಿತ್ತಲ ಬಾಗಿಲಿಗೆ ಬೀಗ ಹಾಕಿ. ಅಲ್ಯೂಮಿನಿಯಂ ಭಾಗ ಏನಾದರೂ ಅದರಲ್ಲಿ ಬಿದ್ದರೆ ಕುದಿದು ಕರಗಿಹೋಗುತ್ತದೆ. ಅದಕ್ಕೇ ಪಿಸ್ಟನ್ ತಲೆಯ ಮಸಿಯನ್ನು ಬಿದಿರಿನ ಚಕ್ಕೆಯಿಂದ ಕೆರೆದೆ. ಬಿದಿರು ಮಸಿಯನ್ನು ತೆಗೆಯುತ್ತದೆ, ಅಲ್ಯೂಮಿನಿಯಂ ಮೇಲೆ ಗೀಚು ಮಾಡುವುದಿಲ್ಲ.

ಸ್ಟ್ಯಾಂಡು, ಫುಟ್‌ರೆಸ್ಟಿನಂಥ ದಪ್ಪ ಕಬ್ಬಿಣಕ್ಕೆ ಕರೆಂಟಿನ ದಾರಿ ಹಿಡಿದೆ. ವಾಷಿಂಗ್ ಸೋಡಾ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರ್. ನೆಗೆಟಿವ್ ವೈರು ನಮ್ಮ ಭಾಗಕ್ಕೆ, ಪಾಸಿಟಿವ್ ಒಂದು ಕಬ್ಬಿಣದ ಸರಳಿಗೆ. ಸ್ಟೀಲ್ ಚಮಚ, ತಟ್ಟೆಗಳನ್ನು ಸರಳಿನ ಬದಲು ಬಳಸಬೇಡಿ. ಅದರೊಳಗಿನ ಕ್ರೋಮಿಯಂ ನೀರಿಗೆ ಇಳಿದು ವಿಷವಾಗುತ್ತದೆ. ಜಲಜನಕ ಏಳುತ್ತದೆ, ಹಾಗಾಗಿ ಬಯಲಿನಲ್ಲೇ ಮಾಡಿದೆ. ಸ್ಪ್ರಿಂಗ್‌ಗಳನ್ನು ಹೀಗೆ ಮಾಡಲಿಲ್ಲ. ಜಲಜನಕ ಹೊಕ್ಕರೆ ಗಟ್ಟಿ ಉಕ್ಕು ಪೆಡಸಾಗಿ ಮುರಿಯುತ್ತದೆ.

ಕ್ರೋಮಿನ ವಿಷಯ. ಟ್ಯಾಂಕಿನ ಪಕ್ಕದ ಕ್ರೋಮಿನ ಮೇಲೆ ಸಾಸಿವೆಯಷ್ಟು ಸಣ್ಣ ತುಕ್ಕಿನ ಚುಕ್ಕಿಗಳಿದ್ದವು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದೆ. ಅದು ಕ್ರೋಮಿಗಿಂತ ಮೆದು, ಗೀಚುವುದಿಲ್ಲ. ಚುಕ್ಕಿ ಹೋಯಿತು, ಅದರಡಿಯ ಸೂಜಿಮೊನೆಯ ಗುಳಿ ಉಳಿಯಿತು. ತುಕ್ಕು ಕ್ರೋಮಿನದಲ್ಲ, ಕೆಳಗಿನ ಉಕ್ಕಿನದು, ಆ ಗುಳಿಯಿಂದಲೇ ಮೇಲೆ ಬರುತ್ತದೆ. ಅದಕ್ಕೆ ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ತುಂಬುತ್ತೇನೆ. ಹೆಡ್‌ಲೈಟಿನ ರಿಮ್ಮಿನಲ್ಲಿ ಕ್ರೋಮ್ ಪೂರ್ತಿ ಎದ್ದಿದ್ದರಿಂದ ಪ್ಲೇಟಿಂಗ್ ಅಂಗಡಿಗೆ ಕೊಟ್ಟೆ. ಅಲ್ಲಿ ಬಫ್ ಜಾಸ್ತಿ ಮಾಡಿ ಅದರ ಅಂಚನ್ನೇ ಸವೆಸಿದರು. ಈಗ ಅದು ಕನ್ನಡಿಯಂತೆ ಹೊಳೆಯುತ್ತದೆ, ಗಾಜನ್ನು ಮಾತ್ರ ಬಿಗಿಯಾಗಿ ಹಿಡಿಯುವುದಿಲ್ಲ. ಕೊಡುವ ಮುಂಚೆ ಎಷ್ಟು ಉಜ್ಜಬೇಕು ಅಂತ ಕೂತು ಮಾತಾಡಬೇಕಿತ್ತು.

ಇಂಜಿನ್ ಕವರನ್ನು ನೀರು ಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) 400, 800, 1200 ಅಂತ ಒರಟಿನಿಂದ ನಯಕ್ಕೆ ಉಜ್ಜಿ, ಬ್ರಾಸೋ ಪಾಲಿಶ್ ಹಾಕಿ ಒರೆಸಿದೆ. ಜಾವಾ ಅಕ್ಷರಗಳ ಮೇಲೆ ಕಾಗದ ತಾಗಿಸಲಿಲ್ಲ, ಅಕ್ಷರದ ಅಂಚು ಹೋದರೆ ಮುಗಿಯಿತು.

ಎಲ್ಲಾ ಜೋಡಿಸಿ, ಲೀಟರಿಗೆ 40 ಮಿಲಿ ಎಣ್ಣೆ ಬೆರೆಸಿ, ಮೊಳೆಯಂಥ ಆ ಕೀಲಿಯನ್ನು ಒತ್ತಿದೆ. ಆರನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅದೇ ಕಿಕ್ಕರನ್ನು ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್. ಹಿತ್ತಲೆಲ್ಲ ನೀಲಿ ಹೊಗೆ. ಪಕ್ಕದ ಮನೆಯ ತಾತ, ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು, ಕಾಂಪೌಂಡಿನ ಆಚೆ ನಿಂತು ಕೇಳಿಸಿಕೊಂಡು, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಸ್ವಲ್ಪ ಮುಂದಿದೆ, ಹಿಂದೆ ಮಾಡು ಎಂದರು. ಮಾಡಿದೆ. ಅವರು ಹೇಳಿದ್ದು ಸರಿ.

ಟ್ಯಾಂಕಿನ ಎರಡೂ ಬದಿಯ ರಬ್ಬರ್ ಪ್ಯಾಡುಗಳನ್ನು ಕೊನೆಗೆ ಹಾಕಿದೆ. ಪೆಟ್ರೋಲು ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ, ಅದಕ್ಕೆ ಸಾಬೂನು ನೀರಲ್ಲಿ ತೊಳೆದು ಗ್ಲಿಸರಿನ್ ಸವರಿದ್ದೆ. ಎಡಗಡೆಯದರ ಗೆರೆಗಳು ಚೆನ್ನಾಗಿವೆ. ಬಲಗಡೆಯದರಲ್ಲಿ ಒಂದು ಅಂಗೈಯಷ್ಟು ಜಾಗ ಪೂರ್ತಿ ನುಣುಪು. ಅಪ್ಪನ ಮೊಣಕಾಲು ಒತ್ತುತ್ತಿದ್ದ ಜಾಗ. ಹೊಸ ಜೋಡಿ ಮೊದಲೇ ತಂದಿಟ್ಟಿದ್ದೆ. ಅದು ಇನ್ನೂ ಮೇಜಿನ ಖಾನೆಯಲ್ಲಿ ಕವರಿನೊಳಗೇ ಇದೆ.