ಓವರ್‌ಕೋಟ್ ತಗೊಳ್ಳೋ ಮುಂಚೆ ಲೇಬಲ್ ಬಿಡಿ, ಎದೆ ಭಾಗ ಚಿವುಟಿ ನೋಡಿ

ನನ್ನ ಮೊದಲನೇ ಓವರ್‌ಕೋಟ್ ನಾನು ಬರೀ ಬ್ರ್ಯಾಂಡ್ ಹೆಸರು ನೋಡ್ಕೊಂಡೇ ತಗೊಂಡಿದ್ದು. ದೊಡ್ಡ ಹೆಸರು, ಯಾವ್ದು ಅಂತ ಬೇಡ ಬಿಡಿ. ಎರಡನೇ ಚಳಿಗಾಲ ಬರೋ ಹೊತ್ಗೆ ಎದೆ ಮೇಲೆ ನೀರು ಕುಡಿದ ಗೋಡೆ ಬಣ್ಣದ ತರ ಗುಳ್ಳೆ ಎದ್ದಿತ್ತು, ಇಸ್ತ್ರಿ ಹಾಕಿದ್ರೂ ಹೋಗ್ಲಿಲ್ಲ, ಟೈಲರ್ ಹತ್ರ ಕೊಟ್ರೆ ಒಳಗಿನ ಬಕ್ರಂ ಅಂಟು ಬಿಟ್ಟಿದೆ ಸರ್ ಇದಕ್ಕೆ ಏನೂ ಮಾಡಕ್ಕಾಗಲ್ಲ ಅಂದ್ಬಿಟ್ರು.

ಅವತ್ತಿಂದ ನಾನು ಮೊದಲು ನೋಡೋದೇ ಒಳಗಡೆ ಏನಿದೆ ಅಂತ. ಕೋಟಿನ ಮುಂಭಾಗ ಆಕಾರ ನಿಲ್ಲೋದಕ್ಕೆ ಹೊರಗಿನ ಬಟ್ಟೆಗೂ ಒಳಗಿನ ಬಟ್ಟೆಗೂ ಮಧ್ಯ ಇನ್ನೊಂದು ಪದರ ಇರತ್ತೆ, ಟೈಲರ್ ಬಕ್ರಂ ಅಂದಿದ್ದು ಇದಕ್ಕೇ. ಅಗ್ಗದ್ರಲ್ಲಿ ಅದನ್ನ ಅಂಟು ಹಚ್ಚಿ ಬಿಸಿ ಒತ್ತಿ ಕೂರಿಸಿರ್ತಾರೆ, ಫ್ಯೂಸ್ಡ್ ಅನ್ನೋದು ಇದಕ್ಕೇ. ಒಳ್ಳೇದ್ರಲ್ಲಿ ಕುದುರೆ ಕೂದ್ಲು ಸೇರಿಸಿ ನೇಯ್ದ ಕ್ಯಾನ್ವಾಸ್ ಹಾಕಿ ಸಡಿಲವಾಗಿ ಹೊಲಿದಿರ್ತಾರೆ, ಅದು ಹಾಕ್ಕೊಂಡಷ್ಟೂ ನಿಮ್ಮ ಎದೆ ಆಕಾರಕ್ಕೆ ಬಗ್ಗತ್ತೆ. ಪರೀಕ್ಷೆ ಮಾಡೋದು ಸುಲಭ: ಎರಡು ಕಾಜಗಳ ಮಧ್ಯ ಹೊರಗಿನ ಬಟ್ಟೆಯನ್ನ ಒಂದ್ ಕೈಯಲ್ಲಿ, ಒಳಗಿನದನ್ನ ಇನ್ನೊಂದ್ ಕೈಯಲ್ಲಿ ಚಿವುಟಿ ಹಿಡ್ದು ನಿಧಾನಕ್ಕೆ ಬೇರೆ ಮಾಡಿ, ಬೆರಳ ಸಂದಿಯಲ್ಲಿ ಮೂರನೇ ಪದರ ಒಂದು ಜಾರಾಡ್ತಾ ಇದ್ರೆ ಅದು ಕ್ಯಾನ್ವಾಸ್. ಎರಡೇ ಪದರ ಸಿಕ್ಕಿ ಹೊರಗಿಂದು ರಟ್ಟಿನ ತರ ಇದ್ರೆ ಅಂಟು. ಎದೆ ಹತ್ರ ಮತ್ತೆ ಕೆಳಗಿನ ಗುಂಡಿ ಹತ್ರ ಎರಡೂ ಕಡೆ ಮಾಡಿ, ಯಾಕಂದ್ರೆ ಹಾಫ್ ಕ್ಯಾನ್ವಾಸ್ ಆದ್ರೆ ಅದು ಎದೆ ದಾಟೋದ್ರಲ್ಲೇ ಮುಗಿದೋಗಿರತ್ತೆ. ಹಾಫ್ ಆದ್ರೂ ಪರ್ವಾಗಿಲ್ಲ, ತಗೋಬಹುದು. ತುಂಬಾ ದಪ್ಪ ಬಟ್ಟೆಯಲ್ಲಿ ಮಾತ್ರ ಕೈಗೆ ಸರಿಯಾಗಿ ಗೊತ್ತಾಗಲ್ಲ, ಅಂಗಡಿಯವ್ರನ್ನೇ ಕೇಳಿ, ಉತ್ತರ ತಡವರಿಸಿದ್ರೆ ಅದೇ ಉತ್ತರ.

ಆಮೇಲೆ ಬಟ್ಟೆ. ತೋಳಿನ ಬಟ್ಟೆ ಮುಷ್ಟಿಯಲ್ಲಿ ಐದಾರು ಸೆಕೆಂಡ್ ಹಿಸುಕಿ ಬಿಡಿ, ಒಳ್ಳೆ ಉಣ್ಣೆ ಆದ್ರೆ ಸುಕ್ಕು ತಾನೇ ಬಿಟ್ಕೊಳತ್ತೆ. ತೂಕ ಮೀಟರ್‌ಗೆ 500 ಗ್ರಾಂಗಿಂತ ಮೇಲಿರ್ಲಿ, 600-700 ಇದ್ರೆ ಕೋಟು ತನ್ನ ಭಾರಕ್ಕೇ ಚೆನ್ನಾಗಿ ಇಳಿಬೀಳತ್ತೆ. ಮೆಲ್ಟನ್ ಅಂತ ಒಂದು ಬಟ್ಟೆ ಬರತ್ತೆ, ನೇಯ್ದ ಮೇಲೆ ಒದ್ದೆ ಮಾಡಿ ಉಜ್ಜಿ ಕುಗ್ಗಿಸಿ ಎಳೆ ಎಳೆ ಕಾಣದ ಹಾಗೆ ಬಿಗಿ ಮಾಡಿರ್ತಾರೆ, ಗಾಳಿ ನುಗ್ಗೋದು ಕಷ್ಟ. ಶೇಕಡ 20 ನೈಲಾನ್ ಸೇರಿಸಿದ್ರೆ ಗಾಬರಿ ಬೇಡ, ಗಟ್ಟಿ ಬರ್ಲಿ ಅಂತ ಸೇರಿಸಿರ್ತಾರೆ, ಆದ್ರೆ ಅರ್ಧಕ್ಕರ್ಧ ಪಾಲಿಯೆಸ್ಟರ್ ಇದ್ರೆ ವಾಪಸ್ ಇಟ್ಬಿಡಿ. ಪೂರ್ತಿ ಕ್ಯಾಶ್ಮೀರ್ (ಮೇಕೆಯ ಮೆತ್ತನೆ ಉಣ್ಣೆ) ಮುಟ್ಟಿದ್ರೆ ಮನಸ್ಸು ಕರಗತ್ತೆ ನಿಜ, ಆದ್ರೆ ದಿನಾ ಹೆಗಲಿಗೆ ಬ್ಯಾಗ್ ಹಾಕೋರಿಗೆ ಅದು ಆಗಿಬರಲ್ಲ, ಪಟ್ಟಿ ಉಜ್ಜೋ ಜಾಗದಲ್ಲಿ ಬೇಗ ಸವೆಯತ್ತೆ.

ಅಳತೆಗೆ ನಿಮ್ಮ ಅತಿ ದಪ್ಪ ಜಾಕೆಟ್ ಹಾಕ್ಕೊಂಡೇ ಹೋಗಿ. ಭುಜ ಸರಿ ಕೂರ್ಬೇಕು, ಉಳಿದಿದ್ದೆಲ್ಲ ಆಮೇಲೆ, ಯಾಕಂದ್ರೆ ತೋಳು ಮೋಟು ಮಾಡ್ಸಬಹುದು, ಸೊಂಟ ಒಳಗೆ ತಗೋಬಹುದು, ಭುಜ ಬಿಚ್ಚಿ ಹೊಲಿಯೋ ಖರ್ಚಲ್ಲಿ ಬೇರೆ ಕೋಟೇ ನೋಡ್ಬಹುದು. ತೋಳು ಒಳಗಿನ ಜಾಕೆಟ್ಟೂ ಶರ್ಟಿನ ಕಫೂ ಮುಚ್ಚೋಷ್ಟು ಉದ್ದ ಬೇಕು. ಗುಂಡಿ ಹಾಕಿ ಎರಡೂ ಕೈ ಮುಂದೆ ಚಾಚಿ, ಬೆನ್ನು ಬಿಗಿದ್ರೆ ಒಂದ್ ಸೈಜ್ ಮೇಲೆ ಹೋಗಿ. ಉದ್ದ ಮೊಣಕಾಲಿನ ಆಸುಪಾಸು, ತೊಡೆ ಮಧ್ಯಕ್ಕೆ ನಿಂತಿದ್ದು ಚಳಿಗೂ ಇಲ್ಲ ಚಂದಕ್ಕೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ (ಪೀ ಕೋಟ್ ಬಿಟ್ಟು, ಅದು ನಾವಿಕರಿಗೆ ಅಂತಾನೇ ಗಿಡ್ಡ ಮಾಡಿದ್ದು).

ಈಗ ಹೆಸರುಗಳಿಗೆ ಬರೋಣ. ಕ್ರಾಂಬಿ 1805ರಲ್ಲಿ ಸ್ಕಾಟ್‌ಲ್ಯಾಂಡಿನ ಆಬರ್ಡೀನ್‌ನಲ್ಲಿ ಬಟ್ಟೆ ಗಿರಣಿಯಾಗಿ ಶುರುವಾಗಿದ್ದು, ಬ್ರಿಟನ್ನಲ್ಲಿ ಅವರು ಮಾಡೋ ತರದ ಉದ್ದ ಉಣ್ಣೆ ಕೋಟಿಗೇ ಈಗ ಕ್ರಾಂಬಿ ಅಂತಾರೆ. ಮೊದಲ ಮಹಾಯುದ್ಧದ ಅಧಿಕಾರಿಗಳ ಕೋಟಿಂದ ಬಂದ ಬ್ರಿಟಿಷ್ ವಾರ್ಮ್ ಅನ್ನೋ ಕೋಟಿನ ಜೊತೆಗೂ ಕ್ರಾಂಬಿ ಹೆಸರು ಅಂಟ್ಕೊಂಡಿದೆ. ಒಂಟೆ ಕೂದಲಿನ ಪೋಲೋ ಕೋಟನ್ನ ಅಮೆರಿಕದಲ್ಲಿ ಚಾಲ್ತಿಗೆ ತಂದಿದ್ದು ಬ್ರೂಕ್ಸ್ ಬ್ರದರ್ಸ್. ಲಂಡನ್ನಿನ ಕಾರ್ಡಿಂಗ್ಸ್, 1839ರದ್ದು, ಕವರ್ಟ್ ಕೋಟಿಗೆ ಹೆಸರುವಾಸಿ, ತೋಳಿನ ತುದಿಗೂ ಕೆಳಅಂಚಿಗೂ ನಾಲ್ಕು ಸಾಲು ಹೊಲಿಗೆ ಓಡಿಸಿರ್ತಾರೆ, ಕುದುರೆ ಮೇಲೆ ಹೋಗುವಾಗ ಮುಳ್ಳುಪೊದೆಗೆ ಸಿಕ್ಕಿ ಹರೀಬಾರ್ದು ಅಂತ ಬಂದಿದ್ದು. ಗುಂಡಿ ಬದಲು ಮರದ ಗೂಟ ಸಿಕ್ಸೋ ಡಫಲ್ ಕೋಟು ಬೇಕಂದ್ರೆ ಗ್ಲೋವರಾಲ್, ಎರಡನೇ ಮಹಾಯುದ್ಧ ಮುಗಿದ್ಮೇಲೆ ಉಳಿದ ನೌಕಾಪಡೆ ಕೋಟು ಮಾರ್ತಾ ಮಾರ್ತಾ ತಾವೇ ಹೊಲಿಯಕ್ಕೆ ಶುರು ಮಾಡಿದೋರು. ಮೊದಲನೇ ಕೋಟು ತಗೊಳ್ತಿದ್ರೆ ನಾನು ಹೇಳೋದು ಸೂಟಿನ ಮೇಲೆ ಹಾಕೋ ಸಾದಾ ಕೋಟು, ಕಡುನೀಲಿ ಸಿಂಗಲ್ ಬ್ರೆಸ್ಟ್ (ಒಂದೇ ಸಾಲು ಗುಂಡಿ) ಚೆಸ್ಟರ್‌ಫೀಲ್ಡ್, ಭುಜ ಯಾವಾಗ್ಲೂ ಕಾಡೋರಿಗೆ ಬಾಲ್ಮಕಾನ್ ಅನ್ನೋ ಸಡಿಲ ಕೋಟು, ಅದರ ರ‍್ಯಾಗ್ಲನ್ ತೋಳು ಕಾಲರ್ ತನಕ ಒಂದೇ ಆಗಿ ಹೋಗೋದ್ರಿಂದ ಭುಜದ ಹೊಲಿಗೆ ತಕರಾರೇ ಇರಲ್ಲ.

ಆದ್ರೆ ನನ್ನ ಕೇಳಿದ್ರೆ ಕೋಟು ಹೊಲಿದೋರಿಗಿಂತ ಬಟ್ಟೆ ನೇಯ್ದೋರ ಹೆಸರು ಹುಡುಕಿ. ಸಾಮಾನ್ಯವಾಗಿ ಒಳಜೇಬಿನ ಹತ್ರ ಇನ್ನೊಂದು ಸಣ್ಣ ಲೇಬಲ್ ಇರತ್ತೆ: 1772ರಿಂದ ನಡೀತಿರೋ ಫಾಕ್ಸ್ ಬ್ರದರ್ಸ್, 1837ರ ಏಬ್ರಹಾಂ ಮೂನ್, ಇಟಲಿಯ ಲೋರೋ ಪಿಯಾನಾ ಇಂಥವು. ಹ್ಯಾರಿಸ್ ಟ್ವೀಡ್ ಅನ್ನೋ ಒರಟು ಉಣ್ಣೆ ಬಟ್ಟೆ ಆದ್ರೆ ಗೋಳದ ಮೇಲೆ ಶಿಲುಬೆ ಇರೋ ಮುದ್ರೆ ಇರ್ಲೇಬೇಕು, ಸ್ಕಾಟ್‌ಲ್ಯಾಂಡಿನ ಔಟರ್ ಹೆಬ್ರಿಡೀಸ್ ದ್ವೀಪದೋರು ಮನೆಯಲ್ಲೇ ಕೈಯಲ್ಲಿ ನೇಯ್ದಿರ್ಬೇಕು ಅಂತ 1993ರಲ್ಲಿ ಕಾನೂನೇ ಆಗಿದೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಈ ಲೇಬಲ್ ಬಂಗಾರ, ಜೊತೆಗೆ ಬೆಳಕಿಗೆ ಹಿಡ್ದು ಹುಳ ತಿಂದ ತೂತು ನೋಡಿ, ಕಂಕುಳ ಹತ್ರ ಲೈನಿಂಗ್ ನೋಡಿ.

ಮನೆಗೆ ತಂದ್ಮೇಲೆ ಬೆನ್ನ ಹಿಂದಿನ ಸೀಳಿಗೆ ಹಾಕಿರೋ ಇಂಟು ಮಾರ್ಕಿನ ದಾರ ಕತ್ತರಿಸಿ, ದಯವಿಟ್ಟು, ಅದು ಡಿಸೈನ್ ಅಲ್ಲ, ಸಾಗಿಸುವಾಗ ಮಡಚ್ಕೋಬಾರ್ದು ಅಂತ ಹಾಕಿರೋದು. ತೋಳಿನ ಮೇಲಿನ ಲೇಬಲ್ಲೂ ಅಷ್ಟೇ. ನೆಂದ್ರೆ ಅಗಲ ಹ್ಯಾಂಗರಿಗೆ ಹಾಕಿ ತಾನಾಗಿ ಒಣಗಕ್ಕೆ ಬಿಡಿ, ಹೀಟರ್ ಹತ್ರ ಬೇಡ. ಡ್ರೈ ಕ್ಲೀನ್ ವರ್ಷಕ್ಕೊಂದ್ಸಲ ಸಾಕು, ಮಧ್ಯ ಮಧ್ಯ ಬ್ರಷ್ ಹೊಡೀರಿ. ಬೇಸಿಗೆಗೆ ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ತೆಗೆದು ಹತ್ತಿ ಚೀಲಕ್ಕೆ ಹಾಕಿ, ಅದಕ್ಕೂ ಮುಂಚೆ ಕಾಲರ್ ಎತ್ತಿ ಅದರಡಿ ಬ್ರಷ್ ಹೊಡೀರಿ, ಕುತ್ತಿಗೆ ಬೆವರು ಕೂತಿರೋ ಆ ಜಾಗ ಅಂದ್ರೆ ಹುಳಗಳಿಗೆ ಬಲು ಇಷ್ಟ.